ವರ್ಷದ ಓಟದ ಗುರಿ ಮತ್ತು ಕಾಲಿನ ನೋವು: ಕ್ರೀಡಾ ವೈದ್ಯೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಈ ವರ್ಷ ಯಾವ ಯಾವ ಸ್ಪರ್ಧೆ ಓಡಬೇಕು ಎಂದು ಪಟ್ಟಿ ಮಾಡಿಕೊಂಡವರಲ್ಲಿ ಅನೇಕರು ನೋವಿನ ಬಗ್ಗೆ ಕೇಳುತ್ತಿದ್ದೀರಿ. ಇಂದು ಕ್ರೀಡಾ ವೈದ್ಯೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ವಯಸ್ಸು, ವಾರಕ್ಕೆ ಎಷ್ಟು ಕಿಲೋಮೀಟರ್, ನೋವು ಎಲ್ಲಿ, ಎಂದಿನಿಂದ ಎಂಬುದನ್ನು ತಿಳಿಸಿ. ಫಾರ್ವರ್ಡ್ ಸಂದೇಶ ಹಾಕಬೇಡಿ.

ಹೊಸ ಓಟಗಾರ: ನಮಸ್ಕಾರ ಮೇಡಂ. ವಯಸ್ಸು 29. ವರ್ಷದ ಮಧ್ಯಕ್ಕೆ 10 ಕಿ.ಮೀ., ಕೊನೆಗೆ ಹಾಫ್ ಮ್ಯಾರಥಾನ್ ಓಡುವ ಗುರಿ. ಒಂದು ತಿಂಗಳಿಂದ ಕಣಕಾಲಿನ ಮೂಳೆಯ ಒಳಬದಿಯಲ್ಲಿ, ಒಂದು ಗೇಣು ಉದ್ದಕ್ಕೂ ನೋವು. ಓಡಲು ಶುರು ಮಾಡಿದಾಗ ಹೆಚ್ಚು, ಮೈ ಬಿಸಿಯಾದ ಮೇಲೆ ಕಡಿಮೆ. ನಿಲ್ಲಿಸಬೇಕೇ?

ವೈದ್ಯೆ: ನೋವು ಉದ್ದಕ್ಕೂ ಹರಡಿದೆ, ಓಡುತ್ತಾ ಕಡಿಮೆಯಾಗುತ್ತದೆ. ಇವೆರಡೂ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಹೊರೆಯಿಂದ ಕಣಕಾಲಿನ ಮೂಳೆಯ ಅಂಚಿಗೆ ಬರುವ ನೋವಿನ ಕಡೆಗೆ ಬೆರಳು ತೋರಿಸುತ್ತವೆ. ಎರಡು ವಾರ ದೂರವನ್ನು ಅರ್ಧಕ್ಕೆ ಇಳಿಸಿ, ವೇಗದ ಓಟ ಮತ್ತು ಇಳಿಜಾರು ಬಿಡಿ, ಮೀನಖಂಡಕ್ಕೆ ಬಲ ಕೊಡುವ ವ್ಯಾಯಾಮ ಶುರು ಮಾಡಿ. ಮೂಳೆಯ ಮೇಲೆ ಬೆರಳಿಟ್ಟು ಒತ್ತುತ್ತಾ ಹೋಗಿ. ಒಂದೇ ಒಂದು ಕಡೆ, ನಾಣ್ಯದಷ್ಟು ಜಾಗದಲ್ಲಿ ತೀಕ್ಷ್ಣವಾಗಿ ನೋಯುವುದಾದರೆ, ಅಥವಾ ನಡೆಯುವಾಗಲೂ ನೋಯುವುದಾದರೆ, ಅದು ಮೂಳೆಯ ಬಿರುಕಾಗಿರಬಹುದು. ಆಗ ಓಟ ನಿಲ್ಲಿಸಿ ತೋರಿಸಿಕೊಳ್ಳಿ.

ನಾಲ್ಕು ಗಂಟೆಯೊಳಗೆ: 44 ವರ್ಷ. ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಮುಗಿಸುವುದು ಗುರಿ, ಅಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಹೃದಯ ಬಡಿತದ ಗರಿಷ್ಠ ಮಿತಿ ತಿಳಿಯಲು 220ರಿಂದ ವಯಸ್ಸು ಕಳೆದರೆ ನಿಮಿಷಕ್ಕೆ 176 ಬರುತ್ತದೆ. ಆದರೆ ಗಡಿಯಾರ ನನಗೆ 188 ತೋರಿಸುತ್ತಿದೆ. ಹೃದಯಕ್ಕೆ ಅಪಾಯವೇ?

ವೈದ್ಯೆ: ಆ ಸೂತ್ರ ಬಹು ಜನರ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ಸಾಮಾನ್ಯ. ಓಡುವಾಗ ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪಿದ್ದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸತ್ತವರು, ಇವುಗಳಲ್ಲಿ ಒಂದಿದ್ದರೂ ಹೃದಯ ತಪಾಸಣೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ, ಸುಲಭದ ಓಟದ ದಿನ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ವೇಗದಲ್ಲಿ ಓಡಿ.

ಕೊನೆಯ ಸುತ್ತು: ಓಡಿದರೆ ಮಂಡಿ ಸವೆಯುತ್ತದೆ ಎಂದು ಮನೆಯವರೆಲ್ಲ ಹೆದರಿಸುತ್ತಾರೆ. ನಿಜವೇ?

ವೈದ್ಯೆ: ಆರೋಗ್ಯವಂತ ಮಂಡಿಗೆ ಹವ್ಯಾಸದ ಓಟದಿಂದ ಹಾಗಾಗುವುದಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಹವ್ಯಾಸಿ ಓಟಗಾರರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಶೇ. 3.5ರಷ್ಟಿತ್ತು, ಓಡದೆ ಕುಳಿತವರಲ್ಲಿ ಶೇ. 10.2. ಹಳೆಯ ಗಾಯ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ ಮಾತು ಬೇರೆ.

ಹಳೆಯ ಬೂಟು: ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ. “ಓಟದ ದಿನ ಆರಂಭಕ್ಕೆ ಅರ್ಧ ಗಂಟೆ ಮೊದಲು ಎರಡು ನೋವಿನ ಮಾತ್ರೆ, ದಾರಿಯಲ್ಲಿ ಪ್ರತಿ ಕಿಲೋಮೀಟರಿಗೆ ಒಂದು ಲೋಟ ನೀರು. ಕೊನೆಯವರೆಗೆ ನೋವೂ ಇಲ್ಲ, ಸೆಳೆತವೂ ಇಲ್ಲ. ಹತ್ತು ಜನಕ್ಕೆ ಕಳುಹಿಸಿ.”

ವೈದ್ಯೆ: ಯಾರಿಗೂ ಕಳುಹಿಸಬೇಡಿ. ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ನುಂಗಿ ಗಂಟೆಗಟ್ಟಲೆ ಓಡಿದರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಅದರ ಮೇಲೆ ಪ್ರತಿ ಕಿಲೋಮೀಟರಿಗೆ ಒಂದು ಲೋಟ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಂತಿ, ಗೊಂದಲ, ಅಪಸ್ಮಾರ, ಕೊನೆಗೆ ಸಾವು. ಇದು ಬೆದರಿಕೆಯ ಮಾತಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಮಿತಿಗಿಂತ ಕಡಿಮೆ ಇತ್ತು. ಓಟದಲ್ಲಿ ನೀರು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಎದ್ದು ಕಂಡಿತು. ಬಾಯಾರಿದಾಗ ಕುಡಿಯಿರಿ, ಅಷ್ಟೇ. ಮಾತ್ರೆ ನುಂಗದೆ ಆರಂಭದ ಗೆರೆಯಲ್ಲಿ ನಿಲ್ಲಲು ಆಗದಿದ್ದರೆ ಆ ದಿನ ಓಡಬಾರದು.

ಹಳೆಯ ಬೂಟು: ನಾನು ಹೀಗೆಯೇ ಹಲವು ಮ್ಯಾರಥಾನ್ ಮುಗಿಸಿದ್ದೇನೆ ಮೇಡಂ. ಅನುಭವಕ್ಕೂ ಬೆಲೆ ಇದೆ.

ಬೆಳಗಿನ ಹೆಜ್ಜೆ: ನಮಸ್ಕಾರ. 31 ವರ್ಷ, ಮಹಿಳೆ. ಈ ವರ್ಷ ನಾಲ್ಕು ಹಾಫ್, ಕೊನೆಯಲ್ಲಿ ಮೊದಲ ಮ್ಯಾರಥಾನ್ ಎಂದು ಗುರಿ. ವಾರಕ್ಕೆ 35 ಕಿ.ಮೀ. ಇದ್ದದ್ದನ್ನು ಒಂದು ತಿಂಗಳಲ್ಲಿ 65ಕ್ಕೆ ಏರಿಸಿದೆ. ವೇಗ ಸಿಗಲಿ ಎಂದು ಆರು ಕಿಲೋ ಇಳಿಸಿದೆ. ಎರಡು ವಾರದಿಂದ ಬಲ ತೊಡೆಸಂದಿನಲ್ಲಿ, ಒಳಗೆಲ್ಲೋ ನೋವು. ಮೊದಲು ಓಡುವಾಗ ಮಾತ್ರ ಇತ್ತು, ಈಗ ಮೆಟ್ಟಿಲು ಹತ್ತುವಾಗಲೂ, ರಾತ್ರಿ ಮಗ್ಗುಲು ಬದಲಿಸುವಾಗಲೂ ಇದೆ. ಎಕ್ಸ್‌ರೇ ಸರಿ ಇದೆ ಎಂದಿದ್ದಾರೆ. ಭಾನುವಾರ ಮೊದಲ ಹಾಫ್. ಸ್ನಾಯು ಎಳೆತಕ್ಕೆ ಯಾವ ವ್ಯಾಯಾಮ ಮಾಡಲಿ?

ಮೂರನೇ ಟ್ರ್ಯಾಕ್: ಮೇಡಂ, ದಪ್ಪ ಅಡಿಯ ಬೂಟು ಒಳ್ಳೆಯದೋ, ತೆಳು ಅಡಿಯದೋ?

ನಾಲ್ಕು ಗಂಟೆಯೊಳಗೆ: ದಪ್ಪದ್ದೇ. ಮಂಡಿ ಉಳಿಯಬೇಕಲ್ಲ.

ಕೊನೆಯ ಸುತ್ತು: ಅದೆಲ್ಲ ಬೂಟು ಮಾರುವವರ ಮಾತು. ಬರಿಗಾಲಿನಲ್ಲಿ ಓಡಿದವನಿಗೇ ಓಟ ಗೊತ್ತು.

ನಾಲ್ಕು ಗಂಟೆಯೊಳಗೆ: ಬರಿಗಾಲಿನಲ್ಲಿ ಓಡಲು ಹೋಗಿ ಪಾದದ ಮೂಳೆ ಬಿರುಕು ಬಿಟ್ಟುಕೊಂಡ ನನ್ನ ಗೆಳೆಯನಿಗೆ ಈ ಮಾತು ಹೇಳಿ ನೋಡಿ.

ಕೊನೆಯ ಸುತ್ತು: ಒಂದೇ ವಾರದಲ್ಲಿ ಬದಲಿಸಿರುತ್ತಾರೆ. ತಪ್ಪು ಅವಸರದ್ದು, ಬರಿಗಾಲಿನದ್ದಲ್ಲ.

ವೈದ್ಯೆ: ಬೂಟಿನ ಚರ್ಚೆ ಸಾಕು. ಬೆಳಗಿನ ಹೆಜ್ಜೆ, ನಿಮ್ಮ ಸಂದೇಶ ಓದಿದೆ. ದಯವಿಟ್ಟು ಪೂರ್ತಿ ಓದಿ.

ಇಂದಿನಿಂದ ಓಟ ಬೇಡ. ಒಂದು ಕಿಲೋಮೀಟರೂ ಬೇಡ. ಒಂಟಿ ಕಾಲಿನಲ್ಲಿ ಕುಪ್ಪಳಿಸಿ ನೋವು ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲೂಬೇಡಿ. ಊರುಗೋಲು ಸಿಕ್ಕರೆ ಈಗಿನಿಂದಲೇ ಬಳಸಿ, ಬಲಗಾಲಿನ ಮೇಲೆ ಭಾರ ಬಿಡಬೇಡಿ.

ನನಗೆ ಸಂಶಯ ಇರುವುದು ಸ್ನಾಯುವಿನ ಮೇಲಲ್ಲ, ತೊಡೆಮೂಳೆಯ ಕುತ್ತಿಗೆಯ ಮೇಲೆ, ಅಂದರೆ ಮೂಳೆ ಸೊಂಟದ ಕೀಲಿಗೆ ಸೇರುವ ಓರೆಯಾದ ಭಾಗದ ಮೇಲೆ. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಹೇಗೋ ಹಾಗೆ, ರಿಪೇರಿಗೆ ಸಮಯ ಕೊಡದೆ ಹೊರೆ ಹಾಕಿದರೆ ಮೂಳೆ ಬಿರುಕು ಬಿಡುತ್ತದೆ. ಬಿರುಕು ಕುತ್ತಿಗೆಯ ಕೆಳಬದಿಯಲ್ಲಿದ್ದರೆ ಬಹಳ ಸಲ ಭಾರ ತೆಗೆದು ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದೆ. ಮೇಲ್ಬದಿಯಲ್ಲಿದ್ದರೆ ಪ್ರತಿ ಹೆಜ್ಜೆಯೂ ಅದನ್ನು ಎಳೆದು ತೆರೆಯುತ್ತದೆ, ಸ್ಕ್ರೂ ಹಾಕಿ ಹಿಡಿಸಬೇಕಾಗುತ್ತದೆ. ಮೂಳೆ ಪೂರ್ತಿ ಮುರಿದು ಸರಿದರೆ ಅದರ ತಲೆಗೆ ರಕ್ತ ನಿಂತು ಕೀಲೇ ಹಾಳಾಗಬಹುದು. ಎರಡು ಬದಿಯಲ್ಲಿ ಯಾವುದು ಎಂಬುದನ್ನು ನೋವು ಹೇಳುವುದಿಲ್ಲ. ಎಂಆರ್‌ಐ ಹೇಳುತ್ತದೆ.

ಎಕ್ಸ್‌ರೇ ಸರಿ ಇದ್ದರೆ ಸಮಾಧಾನ ಪಡಬೇಡಿ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆ ಇರುವುದೇ ಹೆಚ್ಚು. ಭಾನುವಾರಕ್ಕೆ ಮೊದಲೇ ಮೂಳೆ ವೈದ್ಯರನ್ನು ಕಂಡು “ತೊಡೆಮೂಳೆ ಕುತ್ತಿಗೆಯ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದೇ, ಎಂಆರ್‌ಐ ಬೇಕು” ಎಂದು ನೇರವಾಗಿ ಕೇಳಿ.

ಇನ್ನೊಂದು ಪ್ರಶ್ನೆ. ಇಲ್ಲಿ ಬರೆಯಲು ಇಷ್ಟವಿಲ್ಲದಿದ್ದರೆ ಖಾಸಗಿಯಾಗಿ ಬರೆಯಿರಿ: ಮುಟ್ಟು ಸರಿಯಾಗಿ ಬರುತ್ತಿದೆಯೇ?

ಬೆಳಗಿನ ಹೆಜ್ಜೆ: ಇಲ್ಲಿಯೇ ಹೇಳುತ್ತೇನೆ, ಬೇರೆಯವರಿಗೂ ಉಪಯೋಗವಾಗಲಿ. ನಾಲ್ಕು ತಿಂಗಳಿಂದ ಬಂದಿಲ್ಲ. ಓಟ ಹೆಚ್ಚಾದರೆ ಹಾಗಾಗುವುದು ಸಹಜ ಎಂದು ಗೆಳತಿಯರು ಹೇಳಿದ್ದರು.

ವೈದ್ಯೆ: ಸಹಜವಲ್ಲ. ಮೊದಲು ಗರ್ಭಧಾರಣೆಯ ಪರೀಕ್ಷೆ ಮಾಡಿಸಿ. ಅದು ಇಲ್ಲವೆಂದಾದರೆ, ನೀವು ಓಡುವಷ್ಟಕ್ಕೆ ತಕ್ಕ ಊಟ ದೇಹಕ್ಕೆ ಸಿಗುತ್ತಿಲ್ಲ ಎಂಬುದರ ಗುರುತು ಇದಾಗಿರುವ ಸಂಭವ ಹೆಚ್ಚು. ಶಕ್ತಿ ಸಾಲದಾದಾಗ ದೇಹ ಮೊದಲು ಮುಟ್ಟಿನಂಥ ಕೆಲಸಗಳನ್ನು ನಿಲ್ಲಿಸುತ್ತದೆ. ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ಸಡಿಲವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟರು. ಗಂಡಸರಿಗೂ ಬರುತ್ತದೆ. ತೂಕ ಇಳಿದದ್ದು, ಓಟ ಏರಿದ್ದು, ಮುಟ್ಟು ನಿಂತದ್ದು, ತೊಡೆಸಂದಿನ ನೋವು, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದು ನಿಮ್ಮ ವೈದ್ಯರ ಕೈಗೆ ಕೊಡಿ. ವಿಟಮಿನ್ ಡಿ, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಥೈರಾಯ್ಡ್, ಮೂಳೆಯ ಸಾಂದ್ರತೆ ಪರೀಕ್ಷೆಗಳನ್ನೂ ಕೇಳಿ. ಮುಟ್ಟು ಮರಳಲಿ ಎಂದು ಗರ್ಭನಿರೋಧಕ ಮಾತ್ರೆ ಶುರು ಮಾಡುವುದು ಉತ್ತರವಲ್ಲ. ರಕ್ತಸ್ರಾವ ಬರುತ್ತದೆ, ಮೂಳೆಯ ಕೊರತೆ ಹಾಗೆಯೇ ಉಳಿಯುತ್ತದೆ.

ಹಳೆಯ ಬೂಟು: ತಂಗಿ, ಹೆದರಬೇಡ. ನನಗೂ ತೊಡೆಸಂದಿನಲ್ಲಿ ಇಂಥದೇ ನೋವು ಬಂದಿತ್ತು. ಬಿಸಿ ಎಣ್ಣೆ ತಿಕ್ಕಿಸಿ, ಚೆನ್ನಾಗಿ ಎಳೆದು ವ್ಯಾಯಾಮ ಮಾಡಿ ಓಡಿದೆ, ಹೋಯಿತು. ಹೆಸರು ನೋಂದಾಯಿಸಿದ ಮೇಲೆ ಬಿಡಬಾರದು.

ವೈದ್ಯೆ: ಹಿರಿಯರೇ, ನಿಮ್ಮ ಮೂಳೆಗೆ ಏನಾಗಿತ್ತೋ ನಿಮಗೂ ಗೊತ್ತಿಲ್ಲ. ಬಿರುಕು ಬಿಟ್ಟಿರಬಹುದಾದ ಮೂಳೆಯ ಮೇಲೆ ಓಡಲು ಧೈರ್ಯ ತುಂಬಬೇಡಿ. ನಿರ್ವಾಹಕರು ಮೇಲಿನ ಸಂದೇಶ ತೆಗೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಬೂಟು: ಅಂದರೆ ನಮ್ಮ ಅನುಭವಕ್ಕೆ ಇಲ್ಲಿ ಜಾಗವಿಲ್ಲ. ನೀವು ಎಲ್ಲದಕ್ಕೂ ಸ್ಕ್ಯಾನ್ ಎನ್ನುತ್ತೀರಿ.

ಕೊನೆಯ ಸುತ್ತು: ಅವರು ಎಲ್ಲದಕ್ಕೂ ಎಲ್ಲಿ ಹೇಳಿದರು? ನನ್ನ ಮಂಡಿಗೆ ಹೇಳಲಿಲ್ಲ, ಹೊಸ ಓಟಗಾರರಿಗೂ ಹೇಳಲಿಲ್ಲ. ಓದಿ ಮಾತನಾಡಿ.

ಹಳೆಯ ಬೂಟು: ನೀವು ಸುಮ್ಮನಿರಿ. ಬರಿಗಾಲಿನ ಪಂಡಿತರ ಮಾತು ನನಗೆ ಬೇಡ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ. ಎಣ್ಣೆಯ ಸಂದೇಶ ತೆಗೆದಿದ್ದೇನೆ.

ನಾಲ್ಕು ಗಂಟೆಯೊಳಗೆ: ಬೆಳಗಿನ ಹೆಜ್ಜೆಯವರ ತಪ್ಪು ಒಂದೇ, ದೂರವನ್ನು ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಿದ್ದು. ಆ ನಿಯಮ ಪಾಲಿಸಿದ್ದರೆ ಏನೂ ಆಗುತ್ತಿರಲಿಲ್ಲ.

ವೈದ್ಯೆ: ಅಷ್ಟು ಖಚಿತವಾಗಿ ಹೇಳಲಾಗದು. 2008ರಲ್ಲಿ ಹೊಸ ಓಟಗಾರರ ಮೇಲೆ ನಡೆದ ಪ್ರಯೋಗದಲ್ಲಿ ಶೇ. 10ರ ನಿಯಮದಂತೆ ನಿಧಾನವಾಗಿ ಏರಿಸಿದವರಿಗೂ ಉಳಿದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ದೂರವೊಂದನ್ನೇ ಲೆಕ್ಕ ಹಾಕಿ, ಊಟ, ನಿದ್ರೆ, ಮುಟ್ಟು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಅವರ ತಪ್ಪನ್ನು ಇಲ್ಲಿ ಎಣಿಸುವುದೂ ಬೇಡ.

ಮೂರನೇ ಟ್ರ್ಯಾಕ್: ನನ್ನ ಬೂಟಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಜೊತೆ ಓಟ: ಮೇಡಂ, ಕಣಕಾಲಿನ ಮುಂದೆ ನೋವು, ಏನು ಮಾಡಲಿ?

ವೈದ್ಯೆ: ಮೊದಲ ಪ್ರಶ್ನೆಯ ಉತ್ತರ ನೋಡಿ.

ಐದು ಕಿಲೋ: ಮಂಡಿ ಸವೆಯುತ್ತದೆಯೇ ಡಾಕ್ಟರ್?

ವೈದ್ಯೆ: ಮೇಲೆ ಬರೆದಿದ್ದೇನೆ.

ಮುಂಜಾವು: ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಅಡಿಯಲ್ಲಿ ಚುಚ್ಚಿದಂತೆ ನೋವು. ಆಮೇಲೆ ಕಡಿಮೆ.

ವೈದ್ಯೆ: ಪ್ಲಾಂಟಾರ್ ಫೇಶಿಯೈಟಿಸ್, ಅಂದರೆ ಪಾದದ ಅಡಿಯ ಗಟ್ಟಿ ಪಟ್ಟಿಯ ತೊಂದರೆ ಇರಬಹುದು. ಪಾದದ ಅಡಿ ಮತ್ತು ಮೀನಖಂಡ ಎಳೆಯುವ ವ್ಯಾಯಾಮ, ದೂರ ಕಡಿಮೆ. ವಾಸಿಯಾಗಲು ತಿಂಗಳುಗಳು ಬೇಕು, ತಾಳ್ಮೆ ಇರಲಿ.

ಐದು ಕಿಲೋ: ಒಂದು ಸಾಲಿನ ಉತ್ತರ ಕೊಡುವುದಾದರೆ ಪ್ರಶ್ನೋತ್ತರ ಯಾಕೆ ಇಟ್ಟದ್ದು?

ಕೊನೆಯ ಸುತ್ತು: ನೀವು ಮೇಲೆ ಓದಿದ್ದರೆ ಅದೂ ಬೇಕಾಗುತ್ತಿರಲಿಲ್ಲ.

ಬೆಳಗಿನ ಹೆಜ್ಜೆ: ಮೇಡಂ, ನಾಳೆ ಬೆಳಗ್ಗೆ ಎಂಆರ್‌ಐಗೆ ಸಮಯ ಸಿಕ್ಕಿದೆ. ಪಕ್ಕದ ಮನೆಯವರಿಂದ ಊರುಗೋಲು ತಂದೆ. ಭಾನುವಾರದ ಹೆಸರು ವಾಪಸ್ ತೆಗೆದುಕೊಂಡೆ. ಮ್ಯಾರಥಾನ್ ಮಾತ್ರ ಉಳಿಸಿಕೊಳ್ಳಬಹುದೇ? ಅದಕ್ಕೆ ಇನ್ನೂ ಒಂಬತ್ತು ತಿಂಗಳಿದೆ.

ವೈದ್ಯೆ: ಒಳ್ಳೆಯ ಕೆಲಸ ಮಾಡಿದಿರಿ. ಮ್ಯಾರಥಾನಿನ ಮಾತು ವರದಿ ಬಂದ ಮೇಲೆ. ಬಿರುಕು ಇದ್ದರೆ, ಕೆಳಬದಿಯದ್ದಾದರೂ, ನೋವಿಲ್ಲದೆ ನಡೆಯುವುದಕ್ಕೇ ವಾರಗಳು ಬೇಕು, ಓಟಕ್ಕೆ ಮರಳಲು ತಿಂಗಳುಗಳು. ಈ ವರ್ಷಕ್ಕೆ ಗುರಿ ಬೇಕೇ ಬೇಕು ಎನಿಸಿದರೆ ಹೀಗೆ ಬರೆದುಕೊಳ್ಳಿ: ಮುಟ್ಟು ಮರಳಬೇಕು, ತೂಕ ಮರಳಬೇಕು, ಓಟಕ್ಕೆ ಅನುಮತಿ ಸಿಕ್ಕ ಮೇಲೆ ನಡಿಗೆಯ ನಡುವೆ ಒಂದೊಂದು ನಿಮಿಷ ಓಡಬೇಕು. ಸೈಕಲ್, ಈಜು ಕೂಡ ವರದಿ ನೋಡದೆ ಬೇಡ. ನಾಳೆ ವರದಿಯಲ್ಲಿ ಬರೆದ ಸಾಲುಗಳನ್ನು ನನಗೆ ಕಳುಹಿಸಿ. ಅಷ್ಟರೊಳಗೆ ಕಾಲಿನ ಮೇಲೆ ಭಾರ ಬಿಡಲಾಗದಷ್ಟು ನೋವು ಥಟ್ಟನೆ ಬಂದರೆ ನಾಳೆಗೆ ಕಾಯಬೇಡಿ, ಈ ರಾತ್ರಿಯೇ ತುರ್ತು ಚಿಕಿತ್ಸೆಗೆ ಹೋಗಿ.

ಹಳೆಯ ಬೂಟು: ತಂಗಿ, ಸ್ಕ್ಯಾನ್ ಮಾಡಿಸು. ಆದರೆ ಎಣ್ಣೆಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ ಎಂಬುದು ನನ್ನ ಮಾತು.

ವೈದ್ಯೆ: ಎಣ್ಣೆಯಿಂದ ಕೆಟ್ಟದ್ದಾಗುವುದಿಲ್ಲ. ಎಣ್ಣೆ ಹಚ್ಚಿಕೊಂಡು ಎರಡು ವಾರ ಸುಮ್ಮನೆ ಕಳೆದುಬಿಟ್ಟರೆ ಆಗುತ್ತದೆ. ಇದರ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ಮೂರನೇ ಟ್ರ್ಯಾಕ್: ಬೂಟು?

ಸಂಜೆ ಓಟ: ಮೇಡಂ, ನನಗೂ ಆರು ತಿಂಗಳಿಂದ ಮುಟ್ಟು ಬಂದಿಲ್ಲ, ಆದರೆ ಎಲ್ಲಿಯೂ ನೋವಿಲ್ಲ. ನಾನೂ ತೋರಿಸಿಕೊಳ್ಳಬೇಕೇ?

ವೈದ್ಯೆ: ಹೌದು. ಈ ವಾರವೇ. ನೋವು ಬರುವವರೆಗೆ ಕಾಯಬೇಡಿ. ವಾರಕ್ಕೆ ಎಷ್ಟು ಓಡುತ್ತೀರಿ, ಹಿಂದೆ ಎಂದಾದರೂ ಮೂಳೆ ಮುರಿದಿತ್ತೇ, ನನಗೆ ಖಾಸಗಿಯಾಗಿ ಬರೆಯಿರಿ.