‘ಸ್ಟ್ರೆಸ್ ಗ್ರಾನ್ಯೂಲ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಪದವಿ ತರಗತಿಯ ಪಾಠಕ್ಕೆ ಒಂದು ಪದ ಬೇಕಿದೆ. ವೈರಾಣು ಹೊಕ್ಕ ಜೀವಕೋಶದಲ್ಲಿ ಪಿಕೆಆರ್ ಎಂಬ ಕಿಣ್ವ ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸಿ, ಪ್ರೋಟೀನು ತಯಾರಿಕೆಯನ್ನು ಶುರುಮಾಡಿಸುವ ಇಐಎಫ್2 ಆಲ್ಫಾದ 51ನೇ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಹೊಸ ಪ್ರೋಟೀನಿನ ತಯಾರಿಕೆ ಶುರುವಿನಲ್ಲೇ ನಿಲ್ಲುತ್ತದೆ. ಕೆಲಸವಿಲ್ಲದೆ ಉಳಿದ, ಪ್ರೋಟೀನಿನ ಸಂದೇಶ ಹೊತ್ತ ಎಂಆರ್‌ಎನ್‌ಎಗಳು ಜಿ3ಬಿಪಿ1 ಪ್ರೋಟೀನಿನೊಂದಿಗೆ ಕೋಶರಸದಲ್ಲಿ ಒಟ್ಟುಗೂಡುತ್ತವೆ. ಇದೇ ಸ್ಟ್ರೆಸ್ ಗ್ರಾನ್ಯೂಲ್. ‘ಒತ್ತಡ ಕಣ’, ‘ಒತ್ತಡ ಹರಳು’ ಇವುಗಳಲ್ಲಿ ಯಾವುದು ಸರಿ? ‘ವೈರಾಣು ಪ್ರೋಟೀನು ಇದನ್ನು ತಡೆಯುತ್ತದೆ’ ಎಂದರೆ ಸಾಕೇ?

*

‘ಹರಳು’ ಖಂಡಿತ ಬೇಡ. ಇದಕ್ಕೆ ಪೊರೆಯಿಲ್ಲ, ಅಚ್ಚುಕಟ್ಟಾದ ಜೋಡಣೆಯೂ ಇಲ್ಲ. ಒಳಗಿನ ಜಿ3ಬಿಪಿ ಸೆಕೆಂಡುಗಳಲ್ಲಿ ಹೊರಗೆ ಹೋಗಿ ಬರುತ್ತಿರುತ್ತದೆ. ‘ಕಣ’ ಎಂದರೆ ಬೇರೆ ತೊಡಕು: ‘ವೈರಾಣು ಕಣ’ ಎನ್ನುವುದು ಇಡೀ ವೈರಾಣುವನ್ನು, ‘ರಕ್ತಕಣ’ ಎನ್ನುವುದು ಕೋಶವನ್ನು. ಒಂದೇ ವಾಕ್ಯದಲ್ಲಿ ಮೂರೂ ಬಂದರೆ ವಿದ್ಯಾರ್ಥಿಯ ಗತಿ ಏನು! ನನ್ನ ಮತ ‘ಒತ್ತಡದುಂಡೆ’ಗೆ, ಮೊದಲ ಸಲ ಇಂಗ್ಲಿಷ್ ಹೆಸರೂ ಜೊತೆಗಿರಲಿ. ‘ಕೋಶದ ಒತ್ತಡ’ ಎಂದು ಮಾತ್ರ ಬರೆಯಬೇಡಿ, ಸಸ್ಯಶಾಸ್ತ್ರದವರು ನೀರಿನ ಒತ್ತಡ ಎಂದುಕೊಂಡಾರು.

ಹೆಸರಿಗಿಂತ ನಿಮ್ಮ ಕ್ರಿಯಾಪದವೇ ಹೆಚ್ಚು ಯೋಚನೆ ಬೇಡುತ್ತದೆ. ಪೋಲಿಯೊ ವೈರಾಣುವಿನ 3ಸಿ ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ಜಿ3ಬಿಪಿ1 ಅನ್ನು ‘ಕತ್ತರಿಸುತ್ತದೆ’. ಇನ್‌ಫ್ಲುಯೆಂಜಾದ ಎನ್‌ಎಸ್1 ಪ್ರೋಟೀನು ಜೋಡಿ ಎಳೆಯ ಆರ್‌ಎನ್‌ಎಗೂ ಪಿಕೆಆರ್‌ಗೂ ಅಂಟಿಕೊಂಡು, ಕಿಣ್ವ ಎಚ್ಚರಗೊಳ್ಳದಂತೆ ‘ಅದುಮಿಡುತ್ತದೆ’. ಈ ಎರಡಕ್ಕೂ ‘ತಡೆ’ ಒಗ್ಗೀತು. ಚಿಕೂನ್‌ಗುನ್ಯಕ್ಕೆ ಒಗ್ಗದು. ಅದರ ಎನ್‌ಎಸ್‌ಪಿ3 ಪ್ರೋಟೀನು ಜಿ3ಬಿಪಿಯನ್ನು ತನ್ನತ್ತ ಸೆಳೆದುಕೊಂಡು ಉಂಡೆ ಕಟ್ಟದಂತೆ ಮಾಡುತ್ತದೆ, ಜೊತೆಗೆ ವೈರಾಣುವಿನ ನಕಲು ಕೆಲಸಕ್ಕೂ ಅದನ್ನೇ ದುಡಿಸುತ್ತದೆ. ಅಲ್ಲಿ ‘ಸೆಳೆದುಕೊಳ್ಳುತ್ತದೆ’ ಎನ್ನಿ.

ಇನ್ನೊಂದು ಎಚ್ಚರಿಕೆ. ಸೂಕ್ಷ್ಮದರ್ಶಕದಲ್ಲಿ ಜಿ3ಬಿಪಿ ಚುಕ್ಕೆ ಕಂಡಲ್ಲೆಲ್ಲ ಒತ್ತಡದುಂಡೆ ಎನ್ನುವಂತಿಲ್ಲ. ಸೈಕ್ಲೊಹೆಕ್ಸಿಮೈಡ್ ಎಂಬ ರಾಸಾಯನಿಕ ಹಾಕಿ ನೋಡಬೇಕು: ಅದು ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳನ್ನು ಎಂಆರ್‌ಎನ್‌ಎ ಮೇಲೆಯೇ ಕಟ್ಟಿಹಾಕುವುದರಿಂದ ಉಂಡೆಗೆ ಬಿಡಿ ಎಂಆರ್‌ಎನ್‌ಎ ಸಿಗದೆ, ನಿಜವಾದ ಒತ್ತಡದುಂಡೆಯಾದರೆ ಕರಗುತ್ತದೆ. ಹೋಲಿಕೆಗೆ 0.5 ಮಿಲಿಮೋಲಾರ್ ಸೋಡಿಯಂ ಆರ್ಸೆನೈಟ್ (ಒತ್ತಡದುಂಡೆ ಕಟ್ಟಿಸುವ ರಾಸಾಯನಿಕ) ಕೊಟ್ಟ, ಸೋಂಕಿಲ್ಲದ ಕೋಶಗಳಿರಲಿ. ಅವುಗಳ ಉಂಡೆ ಕರಗದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ. ಚಿಕೂನ್‌ಗುನ್ಯ ಸೋಂಕಿನ ಎನ್‌ಎಸ್‌ಪಿ3–ಜಿ3ಬಿಪಿ ಚುಕ್ಕೆಗಳು ಇದಕ್ಕೆ ಕರಗುವುದಿಲ್ಲ. ಅವಕ್ಕೆ ‘ಜಿ3ಬಿಪಿ ಗುಂಪು’ ಎಂದಷ್ಟೇ ಬರೆಯಿರಿ.