ಕಲ್ಲಿದ್ದಲ ಒಲೆ: ಹೊಗೆ ಕಾಣದಿದ್ದರೆ ತೊಂದರೆ ಇಲ್ವಾ?

ಪ್ರಶ್ನೆ
ಚಳಿಗೆ ಕೋಣೆ ಬೆಚ್ಚಗಿರಲಿ ಅಂತ ಕಲ್ಲಿದ್ದಲ ಒಲೆ ಹಚ್ಚುತ್ತೇವೆ. ಹೊಗೆ ಕೊಳವೆ ಇದೆ. ಹಚ್ಚುವಾಗ ಸ್ವಲ್ಪ ಕಣ್ಣುರಿ, ಆಮೇಲೆ ಬರೀ ಕೆಂಡ. ಆದರೆ ಅತ್ತೆಗೆ ಕೆಮ್ಮು ಬಿಡುತ್ತಲೇ ಇಲ್ಲ. ಕಿಟಕಿಯ ಅಂಚನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಮಸಿ, ಬೆರಳಿಗೆ ಎಣ್ಣೆಯ ಹಾಗೆ ಅಂಟುತ್ತದೆ. ನಮ್ಮ ಮನೆಯವರು "ಹೊಗೆನೇ ಇಲ್ಲ, ಸುಮ್ನೆ ಹೆದರ್ತೀಯ" ಅಂತಾರೆ. ಮಗು ಬೇರೆ ಒಲೆ ಪಕ್ಕದಲ್ಲೇ ಆಡುತ್ತದೆ. ಒಂದು ಏರ್ ಪ್ಯೂರಿಫೈಯರ್ ತಂದರೆ ಸಾಕಾ?

ಉತ್ತರ 1
ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಕಣಗಳದ್ದೇ ಕಾಟ ಜಾಸ್ತಿ. ಪಿಎಂ 2.5 ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ತಲೆಕೂದಲಿನ ದಪ್ಪವೇ ಸುಮಾರು 50ರಿಂದ 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಮೂಗು ಇವನ್ನು ತಡೆಯುವುದಿಲ್ಲ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹಾಗಾಗಿ ಕೆಮ್ಮು, ದಮ್ಮು ಮಾತ್ರ ಅಲ್ಲ, ಹೃದಯಾಘಾತ, ಲಕ್ವದ ಅಪಾಯವೂ ಏರುತ್ತದೆ. ಮಕ್ಕಳಲ್ಲಿ ನ್ಯುಮೋನಿಯಾ.

ಚೀನಾದ ಷುವಾನ್‌ವೇಯಲ್ಲಿ ಸಿಗರೇಟು ಮುಟ್ಟದ ಹೆಂಗಸರಿಗೇ ಶ್ವಾಸಕೋಶದ ಕ್ಯಾನ್ಸರ್ ವಿಪರೀತ ಬರುತ್ತಿತ್ತು. ಕಾರಣ, ಮನೆಯೊಳಗೆ ಉರಿಸುತ್ತಿದ್ದ, ತುಂಬಾ ಹೊಗೆ ಬಿಡುವ ಕಲ್ಲಿದ್ದಲು. ಹೊಗೆ ಕೊಳವೆ ಹಾಕಿಸಿಕೊಂಡ ಮನೆಗಳಲ್ಲಿ ಅದು ಕಡಿಮೆಯಾಯಿತು. ನಿಮ್ಮಲ್ಲಿ ಕೊಳವೆ ಇರುವುದು ಒಳ್ಳೆಯದೇ, ಆದರೆ ಕಿಟಕಿಯ ಮಸಿ ಬೇರೆಯೇ ಕಥೆ ಹೇಳುತ್ತಿದೆ ಅಲ್ವಾ? ಎಲ್ಲೋ ಸೋರುತ್ತಿದೆ, ಇಲ್ಲವೇ ಹೊರಗೆ ಹೋದದ್ದು ಒಳಗೆ ಬರುತ್ತಿದೆ. ಸಂಸ್ಕರಿಸದ ಕಲ್ಲಿದ್ದಲನ್ನು ಮನೆಯಲ್ಲಿ ಉರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ.

ಉತ್ತರ 2
ಪ್ಯೂರಿಫೈಯರ್ ಕಣ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹಿಡಿಯುವುದಿಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಾತ್ರಿ ಒಲೆಯ ಗಾಳಿಕಿಂಡಿ ಮುಚ್ಚಿ ಕೆಂಡ ಉಳಿಸಿಕೊಂಡು ಮಲಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದು ಜೀವ ತೆಗೆಯುವ ಕೆಲಸ. ಬೂದಿ ತೆಗೆಯುವಾಗ ಮಗು ಕೋಣೆಯಲ್ಲಿ ಇರಬಾರದು. ತೆಗೆದ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಹೊರಗಿಡಿ, ಒಳಗೆ ಕೆಂಡ ಉಳಿದಿರುತ್ತದೆ.

ಕೇಳಿದವರು
ಗಾಳಿಕಿಂಡಿ ಮುಚ್ಚುವುದು ನಮ್ಮ ಮನೆಯವರ ಜಾಣತನ, ಕಲ್ಲಿದ್ದಲು ಉಳಿಯುತ್ತಂತೆ! ಇದನ್ನು ಅವರಿಗೇ ಓದಿಸಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಕೊಳವೆಯ ಕೀಲುಗಳನ್ನು ನೋಡಿದರು. ಎರಡು ಕಡೆ ಕಪ್ಪು ಗೆರೆ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಕರೆಂಟಿನ ಹೀಟರ್ ಸದ್ಯಕ್ಕೆ ಒಂದೇ ಕೋಣೆಗೆ ಆಗುತ್ತದೆ. ಅತ್ತೆ, ಮಗು ಇಬ್ಬರನ್ನೂ ಅಲ್ಲೇ ಮಲಗಿಸಲಾ?

ಉತ್ತರ 2
ಹೌದು, ಬಾಗಿಲು ಹಾಕಿ. ಕೀಲು ಸರಿಯಾಗುವವರೆಗೆ ಒಲೆ ಹಚ್ಚಲೇಬೇಡಿ. ಆಮೇಲೆ ಹಚ್ಚುವುದಾದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸದೆ ಬೇಡ. ಒಲೆ ಇರುವ ಕೋಣೆಗೆ ಒಂದು, ಮಲಗುವ ಕಡೆ ಒಂದು.