ಅಪ್‌ಡೇಟ್: ಹಳೇ ಜೀಪಿನ ಕೂಲಂಟ್ ನಿಪ್ಪಲ್ ಕೊನೆಗೂ ಕೂತಿತು

ಡೀಸೆಲ್ ಜೀಪಿನ ಥರ್ಮೋಸ್ಟಾಟ್ (ಎಂಜಿನ್ ತಂಪಾಗಿಸೋ ಕೂಲಂಟ್ ದ್ರವದ ಹರಿವನ್ನು ಬಿಸಿಗೆ ತಕ್ಕಂತೆ ಬಿಡೋ ಕವಾಟ) ಹೌಸಿಂಗ್‌ನಲ್ಲಿ ಬೈಪಾಸ್ ಹೋಸ್ (ರೇಡಿಯೇಟರ್‌ಗೆ ಹೋಗದೆ ಕೂಲಂಟ್ ಸುತ್ತೋ ಪೈಪು) ಸೇರುವ ನಿಪ್ಪಲ್, ಅಂದ್ರೆ ಥ್ರೆಡ್ ಇರೋ ಸಣ್ಣ ಕೊಳವೆ, ತುಕ್ಕು ಹಿಡಿದು ಸೋರುತ್ತಿದೆ, ಹೊಸದು ಎಲ್ಲೂ ಸಿಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಎರಡನ್ನೂ ಜಾಲಾಡಿದೆ. ಸಿಕ್ಕಿದ್ದೆಲ್ಲ ನನ್ನದಕ್ಕಿಂತ ಹೆಚ್ಚು ತುಕ್ಕು ತಿಂದವು. ಎಪಾಕ್ಸಿ ಪುಟ್ಟಿ ಮೆತ್ತಿ ಅಂದವರಿಗೆ ನಮಸ್ಕಾರ, ಆದರೆ ಬಿಸಿ ಮತ್ತು ಒತ್ತಡ ಎರಡೂ ಇರೋ ಕಡೆ ಅದನ್ನು ನಂಬಿ ಘಾಟಿ ಹತ್ತೋ ಧೈರ್ಯ ನನಗಿಲ್ಲ.

ಕೊನೆಗೆ ಹೌಸಿಂಗ್ ಬಿಚ್ಚಿ ನೇರ ಲೇತ್ ಅಂಗಡಿಗೆ ಒಯ್ದೆ. ನಿಪ್ಪಲ್ ತಿರುಗಿಸುತ್ತಿದ್ದಂತೆ ಕಡ್ಲೆಪುರಿ ಹಾಗೆ ಪುಡಿಯಾಯ್ತು. ಒಳಗುಳಿದ ತುಂಡನ್ನು ಕಾಯಿಸಿ, ಎಣ್ಣೆ ಬಿಟ್ಟು, ಎಕ್ಸ್‌ಟ್ರಾಕ್ಟರ್ ಹಾಕಿ ತೆಗೆದರು. ಆಮೇಲೆ ಹಿತ್ತಾಳೆ ಸರಳಿನಿಂದ ಹೊಸದನ್ನೇ ಕಡೆದುಕೊಟ್ಟರು.

ಇಲ್ಲೊಂದು ಮುಖ್ಯ ವಿಷಯ. ಪೈಪ್ ಥ್ರೆಡ್‌ಗಳಲ್ಲಿ ಬಿಎಸ್‌ಪಿ (ಬ್ರಿಟಿಷ್ ಅಳತೆ), ಎನ್‌ಪಿಟಿ (ಅಮೆರಿಕದ ಅಳತೆ) ಅಂತ ಎರಡು ಬಗೆ. ಅರ್ಧ ಇಂಚಿನದಾದರೆ ಎರಡರಲ್ಲೂ ಇಂಚಿಗೆ 14 ಥ್ರೆಡ್. ಆದರೆ ಥ್ರೆಡ್‌ನ ಕೋನ ಬಿಎಸ್‌ಪಿಯಲ್ಲಿ 55 ಡಿಗ್ರಿ, ಎನ್‌ಪಿಟಿಯಲ್ಲಿ 60. ಅದಲು ಬದಲಾದರೂ ಕೆಲವು ಸುತ್ತು ಕೂರುತ್ತೆ, ಆಮೇಲೆ ಸೋರುತ್ತೆ. ಥ್ರೆಡ್ ಗೇಜ್ ಹಿಡಿದು ನೋಡದೆ ಕಡೆಸಬೇಡಿ. ನನ್ನದು ಬಿಎಸ್‌ಪಿ.

ಗ್ಯಾಸ್ಕೆಟ್ ಹೊಸದು, ಥ್ರೆಡ್‌ಗೆ ಸೀಲೆಂಟ್, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು. ಹಿಂದಿನ ಮಾಲೀಕರು ಬರೀ ಬೋರ್‌ವೆಲ್ ನೀರು ಹಾಕುತ್ತಿದ್ದರಂತೆ. ತುಕ್ಕಿನ ಮೂಲ ಅದೇ ಇರಬೇಕು. ಜೀಪಿನ ಮೂತಿ ಎತ್ತರಕ್ಕೆ ನಿಲ್ಲಿಸಿ ಕೂಲಂಟ್‌ನೊಳಗೆ ಸಿಕ್ಕಿದ್ದ ಗಾಳಿ ತೆಗೆದೆ. ಶಿರಾಡಿ ಘಾಟಿ ಹತ್ತಿಬಂದೆ, ಒಂದು ಹನಿಯೂ ಇಲ್ಲ. ಮೇಲಿನ ರೇಡಿಯೇಟರ್ ಹೋಸ್ ಮೆತ್ತಗಾಗಿದೆ, ಮುಂದಿನ ಖರ್ಚು ಅದಕ್ಕೆ.